ಕಿರುತೆರೆಯ ಮೇಲಣ ಕಪ್ಪು ತಂದೆ

ಸಂಸ್ಕೃತ ನಾಟಕಗಳಲ್ಲಿ ರಾಜನೂ ಮಂತ್ರಿಯೂ ಸಂಸ್ಕೃತವನ್ನಾಡುತ್ತಾರೆ. ಸ್ತ್ರೀಯರೂ ಸೇವಕರೂ ಸಾಮಾನ್ಯವಾಗಿ ಪ್ರಾಕೃತವನ್ನಾಡುತ್ತಾರೆ. ವಿದೂಷಕನು ಹುಟ್ಟಿನಿಂದ ಬ್ರಾಹ್ಮಣ. ರಾಜನ ಬಳಿ ಬೇರಾರಿಗೂ ಇಲ್ಲದ ಸಲಿಗೆಯುಳ್ಳವನು. ಆದರೂ ಅವನ ಪಾಲಿಗೆ ಬಂದುದು ಪ್ರಾಕೃತವೇ. ನಗಿಸುವುದಕ್ಕೆಂದು ರಂಗಕ್ಕೆ ಬಂದವನು ಯಾವ ಮಾತನ್ನಾಡಬೇಕೆಂಬುದನ್ನು ಅವನ ಕುಲವಾಗಲಿ ಬುದ್ಧಿಯಾಗಲಿ ಗೊತ್ತುಮಾಡುವುದಿಲ್ಲ. ರಂಗದ ಕಟ್ಟಳೆ ಗೊತ್ತುಮಾಡುತ್ತದೆ. ಅವನಿಗೂ ಒಂದು ಮನೆಯುಂಟೆ, ಮಕ್ಕಳುಂಟೆ ಎಂದು ನಾವು ಕೇಳುವುದು ಅಪೂರ್ವ.

ಅಮೆರಿಕದ ಟೆಲಿವಿಷನ್ನಿನಲ್ಲಿ ಕಪ್ಪುಜನಾಂಗದ ಪುರುಷನಿಗೆ ದೊರೆತ ಸ್ಥಾನವನ್ನು ಪರಿಶೀಲಿಸುವಾಗ ಈ ಕಟ್ಟಳೆ ನೆನಪಾಗುತ್ತದೆ. ಮುಕ್ಕಾಲು ಶತಮಾನದ ಆ ಚರಿತ್ರೆಯನ್ನು ಏಣಿಯೊಂದರ ಮೆಟ್ಟಿಲುಗಳಂತೆ ವರ್ಣಿಸುವುದು ವಾಡಿಕೆ: ಮೊದಲು ಕೋಡಂಗಿ, ಆಮೇಲೆ ಸಜ್ಜನ, ಕಡೆಗೆ ನಾಯಕ. ಈ ವರ್ಣನೆ ಸುಳ್ಳಲ್ಲ; ಆದರೆ ಸಾಲದು. ಏಕೆಂದರೆ ಕೋಡಂಗಿಯೂ ಸಜ್ಜನನೂ, ಇವರಿಬ್ಬರ ಜೊತೆಗೆ ಸುದ್ದಿಚಿತ್ರಗಳಲ್ಲಿ ಕಾಣಿಸಿಕೊಳ್ಳುವ ಪಾತಕಿಯೂ, ಬಹುಮಟ್ಟಿಗೆ ನೋಡುವ ಬಿಳಿಯನ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡವರು. ಅವನಿಗೆ ನಗು ಬೇಕಾದಾಗ ಒಬ್ಬ, ಸಮಾಧಾನ ಬೇಕಾದಾಗ ಇನ್ನೊಬ್ಬ, ತನ್ನ ಭಯಕ್ಕೊಂದು ಮುಖ ಬೇಕಾದಾಗ ಮತ್ತೊಬ್ಬ. ಆದುದರಿಂದ ಚಿತ್ರ ಒಳ್ಳೆಯದೋ ಕೆಟ್ಟದೋ ಎಂದು ವಿಚಾರಿಸುವುದಕ್ಕಿಂತ, ಈ ಮನುಷ್ಯ ತನ್ನವರಿಗೆ ಏನಾಗಿದ್ದಾನೆ, ಯಾರ ತಂದೆ, ಯಾರ ಮಗ ಎಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರ. ಈ ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು ಹೊರಟರೆ ಆ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ನಗೆಯ ಗಡಿ

೧೯೨೮ರಲ್ಲಿ ಅಮೆರಿಕದ ರೇಡಿಯೋದಲ್ಲಿ ‘ಏಮಸ್ ಅಂಡ್ ಆಂಡಿ’ ಎಂಬ ಹಾಸ್ಯ ಧಾರಾವಾಹಿ ಆರಂಭವಾಯಿತು. ಅದರ ಇಬ್ಬರು ಕಪ್ಪು ನಾಯಕರಿಗೆ ದನಿಯಿತ್ತವರು ಫ್ರೀಮನ್ ಗಾಸ್ಡನ್ ಮತ್ತು ಚಾರ್ಲ್ಸ್ ಕಾರೆಲ್ ಎಂಬ ಇಬ್ಬರು ಬಿಳಿಯರು. ದೇಶವೆಲ್ಲ ಅದನ್ನು ಕೇಳಿ ನಕ್ಕಿತು. ೧೯೫೧ರ ಜೂನ್ ತಿಂಗಳಲ್ಲಿ ಸಿ.ಬಿ.ಎಸ್. ಸಂಸ್ಥೆ ಅದನ್ನು ಕಿರುತೆರೆಗೆ ತಂದಾಗ ಕಪ್ಪು ನಟರನ್ನೇ ಆರಿಸಿಕೊಂಡರು. ಆದರೆ ಮುಖ ಬದಲಾಯಿತೇ ಹೊರತು ಮಾತು ಬದಲಾಗಲಿಲ್ಲ. ತಪ್ಪು ಉಚ್ಚಾರಣೆ, ಅರ್ಥಗೆಟ್ಟ ದೊಡ್ಡ ಶಬ್ದಗಳು, ಹುಸಿ ಜಾಣತನ, ಇವೇ ನಗೆಯ ಬಂಡವಾಳ.

ಆಂಡಿಯ ಪಾತ್ರ ವಹಿಸಿದ ಸ್ಪೆನ್ಸರ್ ವಿಲಿಯಮ್ಸ್ ಸಾಮಾನ್ಯ ನಟರಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ, ೧೯೪೧ರಲ್ಲಿ, ‘ದಿ ಬ್ಲಡ್ ಆಫ್ ಜೀಸಸ್’ ಎಂಬ ಚಲನಚಿತ್ರವನ್ನು ತಾವೇ ನಿರ್ದೇಶಿಸಿದ್ದವರು. ಕಪ್ಪುಜನ ಹೇಗೆ ಮಾತನಾಡುತ್ತಾರೆಂಬುದನ್ನು ಗಾಸ್ಡನ್ ಅವರಿಗೆ ಕಲಿಸಲು ಹೊರಟರೆಂದೂ, ಅದು ತಮಗೆ ಚೆನ್ನಾಗಿ ಗೊತ್ತಿದೆಯೆಂದು ವಿಲಿಯಮ್ಸ್ ತಿರುಗಿ ನಿಂತರೆಂದೂ ಹೇಳುತ್ತಾರೆ. ಒಬ್ಬನ ತಾಯಿನುಡಿಯನ್ನು ಮತ್ತೊಬ್ಬನು ಅವನಿಗೇ ಪಾಠ ಹೇಳುವ ಈ ವಿಪರ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಎದುರಾಗುತ್ತದೆ.

ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಎಂಬ ಸಂಘ ೧೯೫೧ರಲ್ಲಿಯೇ ಈ ಧಾರಾವಾಹಿಯನ್ನು ಪ್ರತಿಭಟಿಸಿತು. ಇದರಲ್ಲಿ ಬರುವ ಪ್ರತಿಯೊಬ್ಬನೂ ಕೋಡಂಗಿ ಅಥವಾ ಠಕ್ಕ. ವಕೀಲನೆಂದರೆ ಹೇಡಿ, ವೈದ್ಯನೆಂದರೆ ವಂಚಕ ಎಂಬುದು ಅದರ ಆಕ್ಷೇಪಣೆಯ ಸಾರ. ಬಿಳಿಯರ ಹಾಸ್ಯದಲ್ಲಿಯೂ ಪೆದ್ದರಿರುತ್ತಾರೆ. ಆದರೆ ಅದೇ ತೆರೆಯ ಮೇಲೆ ಬಿಳಿಯ ನ್ಯಾಯಾಧೀಶನೂ ಬಿಳಿಯ ವೈದ್ಯನೂ ದಿನದಿನವೂ ಕಾಣಸಿಗುತ್ತಾರೆ. ಕಪ್ಪುಜನಕ್ಕಾದರೋ ತೆರೆಯ ಮೇಲೆ ಬೇರೊಂದು ಮನೆಯೇ ಇರಲಿಲ್ಲವೆನ್ನಬಹುದು. ೧೯೫೩ರಲ್ಲಿ ಹೊಸ ಕಂತುಗಳು ನಿಂತವು. ಮರುಪ್ರಸಾರ ಮಾತ್ರ ೧೯೬೬ರವರೆಗೆ ನಡೆದೇ ಇತ್ತು.

ಇದೇ ಅವಧಿಯಲ್ಲಿ ಘನತೆಯುಳ್ಳ ಇನ್ನೊಂದು ಮುಖವೂ ತೆರೆಗೆ ಬಂದಿತು. ಪ್ರಸಿದ್ಧ ಗಾಯಕ ನ್ಯಾಟ್ ಕಿಂಗ್ ಕೋಲ್ ೧೯೫೬ರ ನವೆಂಬರಿನಲ್ಲಿ ಎನ್.ಬಿ.ಸಿ. ಸಂಸ್ಥೆಯಲ್ಲಿ ತಮ್ಮದೇ ಕಾರ್ಯಕ್ರಮವನ್ನು ಪ್ರಾರಂಭಿಸಿದರು. ಒಳ್ಳೆಯ ಉಡುಪು, ನಯವಾದ ನುಡಿ, ಇನಿದಾದ ಕಂಠ, ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಆದರೆ ದಕ್ಷಿಣದ ಬಿಳಿಯ ಗಿರಾಕಿಗಳು ಮುನಿದಾರೆಂಬ ಅಂಜಿಕೆಯಿಂದ ದೇಶವ್ಯಾಪಿಯಾದ ಒಬ್ಬ ಜಾಹೀರಾತುದಾರನೂ ಮುಂದೆ ಬರಲಿಲ್ಲ. ೧೯೫೭ರ ಡಿಸೆಂಬರಿನಲ್ಲಿ ಕೋಲ್ ತಾವಾಗಿಯೇ ಕಾರ್ಯಕ್ರಮವನ್ನು ಮುಗಿಸಿದರು. ನಗಿಸುವವನಿಗೆ ಸೋಪು, ಸಿಗರೇಟುಗಳ ಹಣ ದೊರೆಯುತ್ತಿತ್ತು. ಗೌರವದಿಂದ ನಿಂತು ಹಾಡುವವನಿಗೆ ದೊರೆಯಲಿಲ್ಲ.

ಸುದ್ದಿಯ ತೆರೆ

ಕಥೆಗಳು ಕೊಡದ ಘನತೆಯನ್ನು ಸುದ್ದಿ ಕೊಟ್ಟಿತು. ೧೯೬೩ರ ಮೇ ತಿಂಗಳಲ್ಲಿ ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮೆರವಣಿಗೆ ಹೊರಟ ಕಪ್ಪು ಬಾಲಕ ಬಾಲಕಿಯರ ಮೇಲೆ ಪೊಲೀಸರು ನಾಯಿಗಳನ್ನು ಬಿಟ್ಟರು. ಬೆಂಕಿಯಾರಿಸುವ ಕೊಳವೆಗಳಿಂದ ನೀರು ಹಾಯಿಸಿದರು. ಆ ಆಗಸ್ಟ್ ೨೮ರಂದು ವಾಷಿಂಗ್ಟನ್ನಿನ ಮಹಾಸಭೆಯಲ್ಲಿ ಮಾರ್ಟಿನ್ ಲೂಥರ್ ಕಿಂಗರು ಮಾಡಿದ ಭಾಷಣವನ್ನು ದೇಶವೆಲ್ಲ ಮನೆಯಲ್ಲಿ ಕುಳಿತು ಕಂಡು ಕೇಳಿತು. ೧೯೬೫ರ ಮಾರ್ಚ್ ೭ರ ರಾತ್ರಿ ಎ.ಬಿ.ಸಿ. ಸಂಸ್ಥೆ, ನಾಟ್ಸಿಗಳ ವಿಚಾರಣೆಯನ್ನು ಕುರಿತ ಚಲನಚಿತ್ರವೊಂದನ್ನು ತೋರಿಸುತ್ತಿದ್ದುದನ್ನು ನಡುವೆಯೇ ನಿಲ್ಲಿಸಿ, ಸೆಲ್ಮಾ ಊರಿನ ಸೇತುವೆಯ ಮೇಲೆ ಶಾಂತವಾಗಿ ನಡೆಯುತ್ತಿದ್ದವರನ್ನು ಪೊಲೀಸರು ಬಡಿದುರುಳಿಸಿದ ದೃಶ್ಯಗಳನ್ನು ಪ್ರಸಾರ ಮಾಡಿತು. ಬರೆದುಕೊಟ್ಟ ಮಾತನ್ನಾಡದ, ತನ್ನ ಜನಕ್ಕಾಗಿ ಏಟು ತಿನ್ನಲು ಸಿದ್ಧನಾದ ಕಪ್ಪು ಪುರುಷನನ್ನು ಲಕ್ಷಾಂತರ ಬಿಳಿಯ ಮನೆಗಳು ಮೊದಲು ಕಂಡದ್ದು ಹೀಗೆ.

ಕಥಾಪ್ರಪಂಚ ಇದನ್ನು ಹಿಂಬಾಲಿಸಿತು, ಆದರೆ ಎಚ್ಚರಿಕೆಯಿಂದ. ೧೯೬೫ರ ‘ಐ ಸ್ಪೈ’ ಎಂಬ ಗೂಢಚಾರ ಧಾರಾವಾಹಿಯಲ್ಲಿ ಬಿಲ್ ಕಾಸ್ಬಿ ಬಿಳಿಯ ನಟನಿಗೆ ಸಮಾನನಾದ ನಾಯಕನಾದರು. ಸತತ ಮೂರು ವರ್ಷ ಎಮ್ಮಿ ಪ್ರಶಸ್ತಿ ಪಡೆದರು. ಅವರ ಪಾತ್ರ ಬಹುಭಾಷಾಪಂಡಿತ, ಧೀರ. ಕಥೆ ಬಹುಮಟ್ಟಿಗೆ ವಿದೇಶಗಳಲ್ಲಿ ನಡೆಯುವುದರಿಂದ ಅವನ ಕೇರಿಯನ್ನಾಗಲಿ ನೆರೆಹೊರೆಯನ್ನಾಗಲಿ ತೋರಿಸುವ ತೊಂದರೆ ಹೆಚ್ಚಾಗಿ ಬರಲಿಲ್ಲ. ೧೯೬೮ರ ‘ಜೂಲಿಯಾ’ದಲ್ಲಿ ಕಪ್ಪು ಕುಟುಂಬವೊಂದು ಅಂತೂ ತೆರೆಗೆ ಬಂತು, ಆದರೆ ಅಲ್ಲಿ ತಾಯಿ ವಿಧವೆ. ತಂದೆ ವಿಯಟ್ನಾಮ್ ಯುದ್ಧದಲ್ಲಿ ಮಡಿದವನು. ಮನೆಯುಳ್ಳ ಕಥೆಯಲ್ಲಿ ಪುರುಷನಿಲ್ಲ, ಪುರುಷನುಳ್ಳ ಕಥೆಯಲ್ಲಿ ಮನೆಯಿಲ್ಲ ಎಂಬಂತಾಯಿತು.

ಈ ಅಭಾವ ಕೇವಲ ಕಲೆಯ ವಿಷಯವಾಗಿರಲಿಲ್ಲ. ೧೯೬೫ರಲ್ಲಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಎಂಬ ಸರ್ಕಾರಿ ಅಧಿಕಾರಿ ಸಿದ್ಧಪಡಿಸಿದ ವರದಿಯೊಂದು ಕಪ್ಪುಜನರ ಕಷ್ಟಗಳಿಗೆ ಅವರ ಕುಟುಂಬ ಶಿಥಿಲಗೊಂಡಿರುವುದೇ ಒಂದು ಮುಖ್ಯ ಮೂಲವೆಂದು ಪ್ರತಿಪಾದಿಸಿ ದೊಡ್ಡ ವಾಗ್ವಾದವನ್ನೆಬ್ಬಿಸಿತ್ತು. ಕಪ್ಪು ತಂದೆ ಮನೆಯಲ್ಲಿ ನಿಲ್ಲುವವನಲ್ಲ ಎಂಬ ಮಾತು ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ತೆರೆಯ ಮೇಲಿನ ಬರಿದಾದ ಕುರ್ಚಿಯೊಂದು ಕೂಡ ಸಾಕ್ಷ್ಯ ನುಡಿಯುತ್ತದೆ.

ಜೇಮ್ಸ್ ಇವಾನ್ಸನ ಮನೆ

ಈ ಬರಿದಾದ ಕುರ್ಚಿಯನ್ನು ತುಂಬಬೇಕೆಂದು ಹಟ ಹಿಡಿದವರು ಎಸ್ತರ್ ರೋಲ್ ಎಂಬ ನಟಿ. ಬಿಳಿಯರ ಮನೆಯೊಂದರಲ್ಲಿ ಕೆಲಸ ಮಾಡುವ ಫ್ಲಾರಿಡಾ ಎಂಬಾಕೆಯ ಪಾತ್ರದಲ್ಲಿ ಅವರು ಜನಪ್ರಿಯರಾಗಿದ್ದರು. ಆಕೆಯನ್ನೇ ಕೇಂದ್ರವಾಗಿಟ್ಟು ಬೇರೊಂದು ಧಾರಾವಾಹಿ ಮಾಡುವ ಯೋಚನೆ ಬಂದಾಗ ರೋಲ್ ಒಂದು ಷರತ್ತು ಹಾಕಿದರು: ಮಕ್ಕಳಿಗೆ ತಂದೆಯಿರಬೇಕು, ತನಗೆ ಗಂಡನಿರಬೇಕು. ಷರತ್ತು ನೆರವೇರಿತು. ೧೯೭೪ರ ಫೆಬ್ರವರಿ ೮ರಂದು ಸಿ.ಬಿ.ಎಸ್.ನಲ್ಲಿ ‘ಗುಡ್ ಟೈಮ್ಸ್’ ಆರಂಭವಾದಾಗ ಆ ಬಡಮನೆಯ ಯಜಮಾನನಾಗಿ ಜಾನ್ ಏಮಸ್ ಬಂದರು. (ಹಿಂದೆ ಹೇಳಿದ ಹಾಸ್ಯ ಧಾರಾವಾಹಿಗೂ ಈ ನಟರಿಗೂ ಹೆಸರಿನ ಹೋಲಿಕೆ ಆಕಸ್ಮಿಕ.) ಧಾರಾವಾಹಿಯನ್ನು ರಚಿಸಿದವರು ಎರಿಕ್ ಮಾಂಟಿ ಮತ್ತು ಮೈಕ್ ಇವಾನ್ಸ್ ಎಂಬ ಇಬ್ಬರು ಕಪ್ಪುಜನಾಂಗದವರು, ನಿರ್ಮಾಣದ ಮೇಲೊಡೆತನ ನಾರ್ಮನ್ ಲಿಯರ್ ಎಂಬ ಬಿಳಿಯ ನಿರ್ಮಾಪಕರದು.

ಶಿಕಾಗೋ ನಗರದ ಸರ್ಕಾರಿ ವಸತಿಕಟ್ಟಡವೊಂದರಲ್ಲಿ ಈ ಕುಟುಂಬದ ವಾಸ. ತಂದೆ ಜೇಮ್ಸ್ ಇವಾನ್ಸ್‌ಗೆ ಹೆಚ್ಚಿನ ಓದಿಲ್ಲ. ಸಿಕ್ಕ ಕೂಲಿಯನ್ನೆಲ್ಲ ಮಾಡುತ್ತಾನೆ. ಒಂದು ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಂಡು ಹೊರಡುತ್ತಾನೆ. ಮುಂಗೋಪಿ, ಅಭಿಮಾನಿ, ಮಕ್ಕಳ ಮೇಲೆ ಪ್ರಾಣವಿಟ್ಟವನು. ಅವನು ಆದರ್ಶಪುರುಷನಲ್ಲ, ಅಂಥ ಪುರುಷನಾಗಬೇಕಾದ ಅಗತ್ಯವೂ ಅವನಿಗಿರಲಿಲ್ಲ. ಬಾಡಿಗೆ ಕೊಡಲಾಗದ ದಿನವೂ ಮನೆಯೊಳಗೆ ತಲೆಯೆತ್ತಿ ನಡೆಯುವ ಆ ತಂದೆಯನ್ನು ಕಂಡು ಎಷ್ಟೋ ಕಪ್ಪು ಮನೆಗಳು ತಮ್ಮವನೊಬ್ಬನನ್ನು ಗುರುತಿಸಿದವು.

ಆದರೆ ನಗೆಯ ಕಟ್ಟಳೆ ಬಿಡಬೇಕಲ್ಲ! ಹಿರಿಯ ಮಗ ಜೆ.ಜೆ.ಯ ಪಾತ್ರದಲ್ಲಿ ಜಿಮ್ಮಿ ವಾಕರ್ ಎಂಬ ಹಾಸ್ಯನಟರು ಕಣ್ಣರಳಿಸಿ, ಕೈಕಾಲು ಬೀಸಿ, ಒಂದೇ ಉದ್ಗಾರವನ್ನು ವಾರವಾರವೂ ಕೂಗಿ ಸಭೆಯನ್ನು ನಗೆಗಡಲಲ್ಲಿ ಮುಳುಗಿಸತೊಡಗಿದರು. ಬರೆಹಗಾರರಿಗೆ ಸುಲಭದ ದಾರಿ ಸಿಕ್ಕಿತು. ಕಥೆಯೆಲ್ಲ ಅವನ ಸುತ್ತ ತಿರುಗಿತು. ಮಗಳು ಥೆಲ್ಮಾ ಶಸ್ತ್ರವೈದ್ಯೆಯಾಗಬಯಸುತ್ತಾಳೆ, ಕಿರಿಯ ಮಗ ಮೈಕಲ್ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಬಯಸುತ್ತಾನೆ. ಅವರ ಕಡೆ ನೋಡದೆ ಹಿರಿಯವನ ಟೋಪಿಯ ಮೇಲೆ ಕೋಳಿಯನ್ನು ಕೂರಿಸಿ ನಗಿಸುವುದೇಕೆ ಎಂಬುದು ಜಾನ್ ಏಮಸ್ಸರ ಆಕ್ಷೇಪಣೆಯಾಗಿತ್ತು. ಎಸ್ತರ್ ರೋಲ್ ೧೯೭೫ರಲ್ಲಿಯೇ ಪತ್ರಿಕೆಯೊಂದರ ಸಂದರ್ಶನದಲ್ಲಿ ಇದೇ ಅಸಮಾಧಾನವನ್ನು ಬಹಿರಂಗವಾಗಿ ಹೇಳಿದರು. ಕಪ್ಪುಜನರು ಹೀಗೆ ಮಾತನಾಡುವುದಿಲ್ಲ, ಕಪ್ಪು ತಂದೆ ಹೀಗೆ ನಡೆದುಕೊಳ್ಳುವುದಿಲ್ಲ ಎಂದು ಬರೆಹಗಾರರೊಡನೆ ಏಮಸ್ ಹೋರಾಡಿದರು. ಗಾಸ್ಡನ್ನರ ಎದುರು ವಿಲಿಯಮ್ಸ್ ನಿಂತ ಜಾಗದಲ್ಲಿಯೇ, ಕಾಲು ಶತಮಾನದ ಬಳಿಕ, ಇನ್ನೊಬ್ಬ ನಟ ನಿಂತಿದ್ದರು. ತಮ್ಮ ಮಾತು ನಯವಾಗಿರಲಿಲ್ಲವೆಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಮೂರನೆಯ ಋತು ಮುಗಿದ ಮೇಲೆ ಅವರನ್ನು ಕೆಲಸದಿಂದ ತೆಗೆದರು. ೧೯೭೬ರ ಸೆಪ್ಟೆಂಬರಿನಲ್ಲಿ ಹೊಸ ಋತು ಆರಂಭವಾದಾಗ ಇವಾನ್ಸ್ ಕುಟುಂಬ ಗಂಟುಮೂಟೆ ಕಟ್ಟುತ್ತಿರುತ್ತದೆ. ಜೇಮ್ಸ್‌ಗೆ ಮಿಸಿಸಿಪ್ಪಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಎಲ್ಲರೂ ಹೊರಡುವ ಸಂಭ್ರಮ. ಆಗ ಒಂದು ತಂತಿ ಬರುತ್ತದೆ: ಜೇಮ್ಸ್ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಪ್ರೇಕ್ಷಕರಿಗೆ ಅವನ ಮುಖದರ್ಶನವೂ ಇಲ್ಲ. ಫ್ಲಾರಿಡಾ ಅತಿಥಿಗಳೆದುರು ದುಃಖವನ್ನು ಅದುಮಿಟ್ಟು, ಕಡೆಗೆ ಒಂಟಿಯಾದಾಗ ಗಾಜಿನ ಬೋಗುಣಿಯನ್ನು ನೆಲಕ್ಕಪ್ಪಳಿಸಿ ಗೋಳಾಡುವ ದೃಶ್ಯ ಅಮೆರಿಕದ ಟೆಲಿವಿಷನ್ ಮರೆಯದ ದೃಶ್ಯಗಳಲ್ಲೊಂದು. ಆ ಬೋಗುಣಿಯೊಡನೆ ಷರತ್ತೂ ಒಡೆಯಿತು. ಒಂದು ವರ್ಷದೊಳಗೆ ಎಸ್ತರ್ ರೋಲ್ ಕೂಡ ಹೊರನಡೆದರು. ಒಂದು ಋತುವಿನ ಮಟ್ಟಿಗೆ ತೆರೆಯ ಮೇಲೆ ಉಳಿದದ್ದು ತಂದೆಯೂ ಇಲ್ಲದ, ತಾಯಿಯೂ ಹತ್ತಿರವಿಲ್ಲದ ಮಕ್ಕಳು. ಯಾವ ಅಪವಾದವನ್ನು ಸುಳ್ಳುಮಾಡಲು ಆ ಮನೆಯನ್ನು ಕಟ್ಟಿದ್ದರೋ ಆ ಅಪವಾದಕ್ಕೇ ಅದು ಉದಾಹರಣೆಯಾಗಿ ನಿಂತಿತು.

ನಾಲ್ಕು ತಿಂಗಳು ಕಳೆಯುವುದರೊಳಗೆ ಜಾನ್ ಏಮಸ್ ಮತ್ತೆ ತೆರೆಗೆ ಬಂದರು. ೧೯೭೭ರ ಜನವರಿಯಲ್ಲಿ ಎಂಟು ರಾತ್ರಿ ಎಡೆಬಿಡದೆ ಪ್ರಸಾರವಾದ ‘ರೂಟ್ಸ್’, ಅಲೆಕ್ಸ್ ಹೇಲಿಯವರ ಕೃತಿಯ ದೃಶ್ಯರೂಪ. ಆಫ್ರಿಕದಿಂದ ಹಿಡಿದು ತಂದ ಕುಂಟಾ ಕಿಂಟೆಯ ಯೌವನವನ್ನು ಲೆವಾರ್ ಬರ್ಟನ್ ಅಭಿನಯಿಸಿದರೆ, ಪ್ರಾಯ ಕಳೆದ ಮೇಲಿನ ಜೀವನವನ್ನು ಏಮಸ್ ಅಭಿನಯಿಸಿದರು. ಕೊನೆಯ ಕಂತನ್ನು ಸುಮಾರು ಹತ್ತು ಕೋಟಿ ಜನ ನೋಡಿದರೆಂದು ಲೆಕ್ಕ. ಅದರಲ್ಲಿ ಕುಂಟಾನ ಕಣ್ಣೆದುರಿಗೇ ಅವನ ಮಗಳು ಕಿಜ್ಜಿಯನ್ನು ಮಾರಿ ಎಳೆದೊಯ್ಯುತ್ತಾರೆ; ಅವನು ಬೇಡುತ್ತಾನೆ, ತಡೆಯಲಾರನು. ಕಪ್ಪು ತಂದೆ ಮನೆಯಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಗುಲಾಮಗಿರಿಯ ಚರಿತ್ರೆ ಕೊಡುವ ಉತ್ತರ ಆ ಒಂದು ದೃಶ್ಯದಲ್ಲಿದೆ: ಅವನು ಮನೆಯನ್ನು ಬಿಟ್ಟುಹೋದವನಲ್ಲ, ಮನೆಯನ್ನೇ ಅವನಿಂದ ಕಿತ್ತುಕೊಂಡಿದ್ದರು. ಹಾಸ್ಯದ ಮನೆಯಿಂದ ಹೊರದೂಡಲ್ಪಟ್ಟ ನಟನೇ ಈ ಉತ್ತರವನ್ನು ಅಭಿನಯಿಸುವಂತಾದದ್ದು ವಿಧಿಯ ಚಾತುರ್ಯವೆನ್ನಬೇಕು.

ಸಜ್ಜನ ಮತ್ತು ಪಾತಕಿ

೧೯೮೪ರಲ್ಲಿ ‘ದಿ ಕಾಸ್ಬಿ ಷೋ’ ಬಂದಿತು. ತಂದೆ ಪ್ರಸೂತಿವೈದ್ಯ, ತಾಯಿ ವಕೀಲೆ, ಐವರು ಮಕ್ಕಳು, ಸುಂದರವಾದ ಮನೆ. ಸತತ ಐದು ಋತುಗಳ ಕಾಲ ಅದು ಪ್ರೇಕ್ಷಕಸಂಖ್ಯೆಯಲ್ಲಿ ಅಗ್ರಸ್ಥಾನದಲ್ಲಿತ್ತು. ಕಪ್ಪು ತಂದೆ ಅಂತೂ ಇಡೀ ದೇಶಕ್ಕೆ ಮೆಚ್ಚಿನ ತಂದೆಯಾದನು. ಅದನ್ನು ನೋಡಿ ವೈದ್ಯರಾಗಬೇಕೆಂದು, ಕಾಲೇಜು ಸೇರಬೇಕೆಂದು ಹಂಬಲಿಸಿದ ಮಕ್ಕಳು ಅಸಂಖ್ಯ. ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಟ್ ಜಾಲಿ ಮತ್ತು ಜಸ್ಟಿನ್ ಲೂಯಿಸ್ ಎಂಬ ವಿದ್ವಾಂಸರು ಪ್ರೇಕ್ಷಕರನ್ನು ಮಾತನಾಡಿಸಿ ೧೯೯೨ರಲ್ಲಿ ಪ್ರಕಟಿಸಿದ ಗ್ರಂಥ ಬೇರೊಂದು ಪರಿಣಾಮವನ್ನು ಎತ್ತಿ ತೋರಿಸಿತು. ಇಂಥ ಕುಟುಂಬವಿರುವುದಾದರೆ ವರ್ಣಭೇದ ಮುಗಿದುಹೋದಂತೆಯೇ. ಉಳಿದವರು ಮೇಲೆ ಬಾರದಿದ್ದರೆ ಅದು ಅವರದೇ ತಪ್ಪು ಎಂದು ಅನೇಕ ಬಿಳಿಯರು ಭಾವಿಸಿದ್ದರು. ಸಜ್ಜನನ ಚಿತ್ರ ಕೂಡ ದೀನನ ವಿರುದ್ಧ ಸಾಕ್ಷಿಯಾಗಬಲ್ಲದು.

ಈ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದದ್ದು ೧೯೯೨ರ ಏಪ್ರಿಲ್ ೩೦ರಂದು. ಅದರ ಹಿಂದಿನ ದಿನ, ರಾಡ್ನಿ ಕಿಂಗ್ ಎಂಬ ಕಪ್ಪು ಪುರುಷನನ್ನು ಹೊಡೆದ ಪೊಲೀಸರನ್ನು ನ್ಯಾಯದರ್ಶಿಗಳ ಮಂಡಲಿ ಬಹುತೇಕ ಎಲ್ಲ ಆಪಾದನೆಗಳಿಂದ ಬಿಡುಗಡೆ ಮಾಡಿತ್ತು. ೧೯೯೧ರ ಮಾರ್ಚಿನಲ್ಲಿ ನಡೆದ ಆ ಹೊಡೆತವನ್ನು ನೆರೆಯವನೊಬ್ಬನು ತನ್ನ ಕ್ಯಾಮರಾದಲ್ಲಿ ಹಿಡಿದಿದ್ದನು. ದೇಶವೇ ಅದನ್ನು ಕಂಡಿತ್ತು. ತೀರ್ಪು ಹೊರಬಿದ್ದೊಡನೆ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಜನ ಮನೆಯಲ್ಲಿಯೇ ಕುಳಿತು ಕಾಸ್ಬಿಯ ಕೊನೆಯ ಕಂತನ್ನು ನೋಡಲೆಂದು ಆ ನಗರದ ಮೇಯರ್ ಟಾಮ್ ಬ್ರ್ಯಾಡ್ಲಿ ಕೇಳಿಕೊಂಡರು. ಬ್ರ್ಯಾಡ್ಲಿಯವರೂ ಕಪ್ಪುಜನಾಂಗದವರೇ. ಒಂದೇ ಪೆಟ್ಟಿಗೆಯೊಳಗೆ ಉರಿಯುವ ಬೀದಿ ಮತ್ತು ನಗುವ ಮನೆ ಸರದಿಯಂತೆ ಬಂದುಹೋದ ರಾತ್ರಿ ಅದು. ನಗುವ ಮನೆಯ ತಂದೆಯ ಕೀರ್ತಿಯೂ ಉಳಿಯಲಿಲ್ಲ. ೨೦೧೮ರಲ್ಲಿ ಲೈಂಗಿಕ ಅತ್ಯಾಚಾರದ ಮೊಕದ್ದಮೆಯಲ್ಲಿ ಕಾಸ್ಬಿ ಅಪರಾಧಿಯೆಂದು ತೀರ್ಪಾಯಿತು, ೨೦೨೧ರಲ್ಲಿ ವಿಚಾರಣೆಯ ಕ್ರಮದಲ್ಲಿ ದೋಷವಿತ್ತೆಂದು ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಒಂದು ಜನಾಂಗದ ಮಾನವನ್ನೆಲ್ಲ ಒಬ್ಬನ ಹೆಗಲಿಗೆ ಹೊರಿಸುವುದು ಎಷ್ಟು ಅಪಾಯವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇತ್ತ ಸುದ್ದಿಯ ತೆರೆಯೂ ಬದಲಾಗಿತ್ತು. ಸೆಲ್ಮಾದಲ್ಲಿ ಘನತೆ ಕೊಟ್ಟ ಕ್ಯಾಮರಾ ಈಗ ರಾತ್ರಿ ರಾತ್ರಿಯೂ ಕೋಳ ತೊಟ್ಟ ಕಪ್ಪು ಯುವಕರನ್ನು ತೋರಿಸತೊಡಗಿತು. ಇದರ ಫಲವನ್ನು ಫ್ರಾಂಕ್ಲಿನ್ ಗಿಲಿಯಮ್ ಮತ್ತು ಶಾಂತೋ ಅಯ್ಯಂಗಾರ್ ಎಂಬ ವಿದ್ವಾಂಸರು ಲಾಸ್ ಏಂಜಲೀಸಿನ ಪ್ರೇಕ್ಷಕರ ಮೇಲೆ ಪರೀಕ್ಷಿಸಿ ೨೦೦೦ದಲ್ಲಿ ಪ್ರಕಟಿಸಿದರು. ಒಂದೇ ಸುದ್ದಿ, ಕೆಲವರಿಗೆ ಅದರಲ್ಲಿ ಆರೋಪಿಯ ಕಪ್ಪು ಮುಖ, ಕೆಲವರಿಗೆ ಅದೇ ಮುಖವನ್ನು ಬಿಳಿಯದಾಗಿಸಿದ ರೂಪ, ಮತ್ತೆ ಕೆಲವರಿಗೆ ಯಾವ ಮುಖವೂ ಇಲ್ಲ. ಯಾವ ಮುಖವನ್ನೂ ಕಾಣದವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿ ತಾವು ಆರೋಪಿಯನ್ನು ಕಂಡೆವೆಂದು ಹೇಳಿದರು. ಹಾಗೆ ಹೇಳಿದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಅವನು ಕಪ್ಪಗಿದ್ದನೆಂದು ನೆನಪು! ತೆರೆ ತೋರಿಸದಿದ್ದುದನ್ನು ಮನಸ್ಸು ತಾನೇ ಬಿಡಿಸಿಕೊಂಡಿತ್ತು.

ಮತ್ತೆ ತಂದೆ

ಈ ಕತ್ತಲೆಯಿಂದ ಹೊರಬರುವ ದಾರಿ ಪಾತಕಿಯನ್ನು ಮರೆಮಾಚುವುದರಲ್ಲಿಲ್ಲ ಎಂಬುದನ್ನು ‘ದಿ ವೈರ್’ ತೋರಿಸಿಕೊಟ್ಟಿತು. ೨೦೦೨ರಿಂದ ೨೦೦೮ರವರೆಗೆ ಪ್ರಸಾರವಾದ ಈ ಧಾರಾವಾಹಿಯ ಕರ್ತೃ ಡೇವಿಡ್ ಸೈಮನ್ ಬಿಳಿಯರು; ಆದರೆ ಬಾಲ್ಟಿಮೋರ್ ನಗರದಲ್ಲಿ ವರ್ಷಗಟ್ಟಲೆ ವರದಿಗಾರರಾಗಿ ದುಡಿದು ಆ ಬೀದಿಗಳ ಮಾತಿಗೆ ಕಿವಿಗೊಟ್ಟವರು. ಮಾದಕವಸ್ತುಗಳ ವ್ಯಾಪಾರವೇ ಅದರ ವಸ್ತು. ಮತ್ತೆ ಅದೇ ಚಿತ್ರವೇ ಎಂದು ಬೇಸರಪಟ್ಟವರಿದ್ದಾರೆ. ಆದರೂ ೨೦೦೬ರ ನಾಲ್ಕನೆಯ ಋತುವಿನ ಒಂದು ಸನ್ನಿವೇಶವನ್ನು ನೋಡಬೇಕು. ವೀ-ಬೇ ಎಂಬವನು ಅನೇಕ ಕೊಲೆಗಳನ್ನು ಮಾಡಿ ಆಜೀವ ಸೆರೆಯಲ್ಲಿರುವವನು. ಅವನ ಮಗ ನೇಮಂಡ್ ಕೂಡ ಅದೇ ಹಾದಿ ಹಿಡಿಯಬೇಕೆಂದು ತಾಯಿಯ ಆಸೆ. ನಿವೃತ್ತ ಪೊಲೀಸ್ ಅಧಿಕಾರಿ ಕಾಲ್ವಿನ್ ಸೆರೆಮನೆಗೆ ಬಂದು, ಹುಡುಗನನ್ನು ತಾನು ಸಾಕುವೆನು, ಅವನನ್ನು ಬಿಟ್ಟುಕೊಡು ಎಂದು ಕೇಳುತ್ತಾನೆ. ಕೊಲೆಗಡುಕನಾದ ತಂದೆ ಯೋಚಿಸಿ ಮಗನನ್ನು ಬಿಟ್ಟುಕೊಡುತ್ತಾನೆ. ಅವನ ಪಾಪ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಆದರೆ ಅವನು ಇನ್ನು ಬರಿಯ ಪಾತಕಿಯಲ್ಲ, ಒಬ್ಬನ ತಂದೆ. ಭಯಾನಕವು ಕರುಣಕ್ಕೆ ತಿರುಗುವ ಈ ಗಳಿಗೆಯಲ್ಲಿ ಕಲೆ ತನ್ನ ಕೆಲಸ ಮಾಡುತ್ತದೆ.

೨೦೧೬ರಲ್ಲಿ ಆರಂಭವಾದ ‘ದಿಸ್ ಈಸ್ ಅಸ್’ ಇದನ್ನು ಇನ್ನೊಂದು ದಿಕ್ಕಿನಿಂದ ನೋಡಿತು. ಬಿಳಿಯ ದಂಪತಿಗಳು ದತ್ತು ತೆಗೆದುಕೊಂಡು ಬೆಳೆಸಿದ ರ‍್ಯಾಂಡಲ್, ತನ್ನನ್ನು ಹುಟ್ಟಿದಾಗಲೇ ತೊರೆದ ತಂದೆ ವಿಲಿಯಮ್‌ನನ್ನು ಹುಡುಕಿ ಹೋಗುತ್ತಾನೆ. ಬಯ್ಯಲೆಂದು ಹೋದವನು ಸಾವಿನಂಚಿನಲ್ಲಿರುವ ಆ ಮುದುಕನನ್ನು ಮನೆಗೆ ಕರೆತರುತ್ತಾನೆ. ರ‍್ಯಾಂಡಲನಾಗಿ ಅಭಿನಯಿಸಿದ ಸ್ಟರ್ಲಿಂಗ್ ಕೆ. ಬ್ರೌನ್ ೨೦೧೭ರಲ್ಲಿ ಎಮ್ಮಿ ಪಡೆದರು. ಧಾರಾವಾಹಿ ನಾಟಕದ ನಾಯಕನಟನಿಗೆ ಸಲ್ಲುವ ಆ ಪ್ರಶಸ್ತಿ ಕಪ್ಪು ನಟನೊಬ್ಬನಿಗೆ ಅದಕ್ಕೆ ಮೊದಲು ಬಂದದ್ದು ೧೯೯೮ರಲ್ಲಿ, ಆಂಡ್ರೆ ಬ್ರಾವರ್ ಅವರಿಗೆ. ಅದೇ ೨೦೧೬ರಲ್ಲಿ ಡೊನಾಲ್ಡ್ ಗ್ಲೋವರ್ ಕಪ್ಪು ಬರೆಹಗಾರರನ್ನೇ ಕೂಡಿಸಿಕೊಂಡು ರಚಿಸಿದ ‘ಅಟ್ಲಾಂಟಾ’ದಲ್ಲಿ ನಾಯಕನು ಕೈಯಲ್ಲಿ ಕಾಸಿಲ್ಲದ, ಪುಟ್ಟ ಮಗಳೊಬ್ಬಳ ತಂದೆ. ಇಲ್ಲಿ ಹೇಗೆ ಮಾತನಾಡಬೇಕೆಂದು ಯಾರೂ ಯಾರಿಗೂ ಪಾಠ ಹೇಳಬೇಕಾಗಿರಲಿಲ್ಲ.

ಈ ಚಿತ್ರಗಳು ಈಗ ಅಮೆರಿಕಕ್ಕೆ ಸೀಮಿತವಾಗಿ ಉಳಿದಿಲ್ಲ. ನಮ್ಮ ಮನೆಮನೆಯ ಕೈಫೋನುಗಳಲ್ಲಿಯೂ ಇವೆ. ಕಪ್ಪುಜನಾಂಗದ ಒಬ್ಬನನ್ನೂ ಹತ್ತಿರದಿಂದ ಬಲ್ಲದ ನಮ್ಮಲ್ಲಿ ಅನೇಕರಿಗೆ ಅವನ ಪರಿಚಯವೆಂದರೆ ತೆರೆಯ ಪರಿಚಯವೇ. ೨೦೧೬ರ ಜನವರಿ ೩೧ರಂದು ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸೂಡಾನ್ ದೇಶದವನೊಬ್ಬನ ಕಾರು ಹಾಯ್ದು ಒಬ್ಬ ಮಹಿಳೆ ಸತ್ತಾಗ, ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಾಗಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿ ಕಾರಿಗೆ ಬೆಂಕಿಯಿಟ್ಟಿತು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಅದಕ್ಕೆ ಟೆಲಿವಿಷನ್ ಕಾರಣವೆಂದು ಹೇಳುವುದು ಅವಿಚಾರ. ಆದರೆ ಒಂದು ಬಣ್ಣದ ಎಲ್ಲ ಮುಖಗಳನ್ನೂ ಒಂದೇ ಮುಖವಾಗಿ ಕಾಣುವ ರೋಗ ನಮಗೆ ಹೊರತಲ್ಲವೆಂಬುದು ಅಂದು ರುಜುವಾತ್ತಾಯಿತು.

ಜಾನ್ ಏಮಸ್ ೨೦೨೪ರಲ್ಲಿ ತೀರಿಕೊಂಡರು. ಅರ್ಧ ಶತಮಾನದ ಹಿಂದೆ ಅವರು ಕೇಳಿದ್ದು ದೊಡ್ಡ ವರವೇನಲ್ಲ. ತನ್ನ ಪಾತ್ರವನ್ನು ಮಹಾತ್ಮನನ್ನಾಗಿ ಮಾಡಿರೆಂದಾಗಲಿ, ತನ್ನ ಜನವನ್ನು ಹೊಗಳಿರೆಂದಾಗಲಿ ಅವರು ಕೇಳಲಿಲ್ಲ. ದುಡಿದು ದಣಿದು ಬಂದ ಒಬ್ಬ ತಂದೆ ತನ್ನ ಮಕ್ಕಳೊಡನೆ ತನ್ನ ಮಾತಿನಲ್ಲಿ ಮಾತನಾಡಲಿ. ಅವನ ಮಕ್ಕಳ ಕನಸುಗಳಿಗೂ ಕಥೆಯಲ್ಲಿ ಸ್ವಲ್ಪ ಜಾಗವಿರಲಿ ಎಂದಷ್ಟೇ ಕೇಳಿದರು. ಅಷ್ಟಕ್ಕೂ ತೆರೆಯ ಮೇಲೆ ಅಂದು ಎಡೆಯಿರಲಿಲ್ಲ. ಇಂದು ಅಲ್ಲಲ್ಲಿ ಎಡೆಯಾಗಿದೆ ಎಂಬುದು ಸಂತೋಷದ ವಿಷಯ. ಆ ಎಡೆಯನ್ನು ಬಿಡಿಸಿದವರಲ್ಲಿ ಕೆಲಸ ಕಳೆದುಕೊಂಡ ಆ ನಟರೂ ಒಬ್ಬರೆಂಬುದನ್ನು ನೋಡುವವರು ನೆನೆಯುವುದು ನ್ಯಾಯ.